ನಲವತ್ತು ಎಂದು ಬರೆದ ದಿನಗಳು

ನಮ್ಮ ಕಚೇರಿಯಲ್ಲಿ ನನಗೆ ಕೆಟ್ಟವರ್ಷದಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಕೆಟ್ಟವರ್ಷದಮ್ಮ. ನನಗೆ ತಿಳಿದಿಲ್ಲ ಎಂದುಕೊಂಡಿದ್ದಾರೆ. ತಿಳಿದಿದೆ, ಬೇಸರವೂ ಇಲ್ಲ. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ಲೆಕ್ಕ ನೋಡುವುದು ನನ್ನ ಕೆಲಸ. ಬೇರೆಯವರೆಲ್ಲ ಮರೆಯಲು ಬಯಸುವ ವರ್ಷಗಳನ್ನೇ ಇಪ್ಪತ್ತು ವರ್ಷದಿಂದ ಹುಡುಕಿ ತೆಗೆದು ಮೇಜಿನ ಮೇಲಿಡುತ್ತಾ ಬಂದಿದ್ದೇನೆ. ಇಂಥವಳಿಗೆ ಇನ್ನೆಂಥ ಹೆಸರು ಸಿಕ್ಕೀತು?

ನಾನು ಸೇರುವ ಮೊದಲು ಈ ಕಚೇರಿ ಸರಾಸರಿಯನ್ನು ನಂಬಿಕೊಂಡು ನಡೆಯುತ್ತಿತ್ತು. ನದಿಗೆ ಸರಾಸರಿ ಇಷ್ಟು ನೀರು ಬರುತ್ತದೆ, ಊರಿಗೆ ಸರಾಸರಿ ಇಷ್ಟು ಬೇಕು, ಅಲ್ಲಿಗೆ ಕೆಲಸ ಮುಗಿಯಿತು. ಸರಾಸರಿ ಎಂಬುದು ಮದುವೆ ಮನೆಗೆ ಬಂದ ದೂರದ ನೆಂಟನಂಥದ್ದು. ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ಯಾವ ಕೆಲಸಕ್ಕೂ ಬರುವುದಿಲ್ಲ. ನಾನು ಕೇಳುವ ಪ್ರಶ್ನೆಯನ್ನೇ ಬದಲಿಸಿದೆ. ನಮ್ಮಲ್ಲಿ ಅರವತ್ತು ವರ್ಷದ ನದಿಯ ದಾಖಲೆ ಇದೆ. ಅದರಲ್ಲಿ ಅತಿ ಕೆಟ್ಟ ಇಪ್ಪತ್ತರಲ್ಲೊಂದು ಪಾಲು ಎಂದರೆ ಮೂರು ವರ್ಷ. ಆ ಮೂರನ್ನು ಮಾತ್ರ ಪಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಅಂಥದೊಂದು ವರ್ಷ ಈಗ ಬಂದು, ನಾವು ನೀರನ್ನು ಈಗಿನ ಹಾಗೆಯೇ ಬಿಡುತ್ತಾ ಹೋದರೆ, ಊರಿನ ನಲ್ಲಿಗಳು ಎಷ್ಟು ದಿನ ಒಣಗುತ್ತವೆ? ಮೂರೂ ಸೇರಿಸಿ ಸರಾಸರಿ ಎಷ್ಟು? ಕೆಟ್ಟದ್ದು ಬರುತ್ತದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಬಂದರೆ ಎಷ್ಟು ಕೆಟ್ಟದ್ದು ಎಂದು ಕೇಳುತ್ತೇನೆ.

ಉತ್ತರ ದಿನಗಳ ಲೆಕ್ಕದಲ್ಲಿ ಬರುತ್ತದೆ. ಇಪ್ಪತ್ತು ದಿನದ ಒಳಗಿದ್ದರೆ ಟ್ಯಾಂಕರು, ಕೊಳವೆಬಾವಿ ಎಂದು ಊರು ಹೇಗೋ ದಾಟಿಕೊಳ್ಳುತ್ತದೆ. ಇಪ್ಪತ್ತು ಮೀರಿದರೆ, ಜಲಾಶಯದಲ್ಲಿ ನೀರು ಕಣ್ಣಿಗೆ ಕಾಣುತ್ತಿರುವಾಗಲೇ ಕಡಿತ ಶುರುವಾಗಬೇಕು. ಊರಿಗೆ ದಿನ ಬಿಟ್ಟು ದಿನ, ಕಾಗದದ ಕಾರ್ಖಾನೆಗೆ ಅರ್ಧ. ಈ ಒಂದು ಗೆರೆಯನ್ನು ಆಡಳಿತ ಮಂಡಳಿಯಿಂದ ಒಪ್ಪಿಸಿಕೊಳ್ಳಲು ಆರು ವರ್ಷ ಜಗಳವಾಡಿದ್ದೇನೆ. ಜಗಳ ನನಗೆ ಕಷ್ಟದ ಕೆಲಸವೇನಲ್ಲ.

ಈ ವರ್ಷ ಬೇಸಿಗೆಯ ಬಾಯಲ್ಲೇ ಜಲಾಶಯ ತುಸು ಕೆಳಗಿತ್ತು. ಲೆಕ್ಕ ಹಾಕಿದೆ. ಹನ್ನೊಂದು ದಿನ ಬಂತು. ಎಲ್ಲರಿಗೂ ಸಮಾಧಾನ. ಕಡಿತ ಬೇಡ ಎಂದು ನಾನೇ ವರದಿ ಬರೆದು ಮುಗಿಸಿದೆ. ಗುರುವಾರ ಮಂಡಳಿಯ ಸಭೆ ಇತ್ತು.

ಮಂಗಳವಾರ ನಕ್ಷೆಯವರು ಬಂದರು. ಕಚೇರಿಯ ನಕ್ಷೆ, ಚಿತ್ರಪಟಗಳನ್ನೆಲ್ಲ ಮಾಡುವವರು ಅವರೇ. ಮಾತು ಕಡಿಮೆ, ಕಣ್ಣು ಜಾಸ್ತಿ. ಸಭೆಯ ಗೋಡೆಗೆಂದು ಅರವತ್ತು ವರ್ಷದ ನೀರಿನ ಮಟ್ಟವನ್ನು ದಿನದಿನಕ್ಕೂ ಬಿಡಿಸಿ ಉದ್ದನೆಯ ಹಾಳೆಯಲ್ಲಿ ಮುದ್ರಿಸಿ ತಂದಿದ್ದರು. ಸ್ಟೂಲು ಹತ್ತಿ ಅಂಟಿಸುತ್ತಿದ್ದವರು ಅಲ್ಲಿಂದಲೇ ತಿರುಗಿ ಕೇಳಿದರು.

"ಮೇಡಂ, ಇಲ್ಲಿ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆಯಲ್ಲ?"

"ಎಲ್ಲಿ?"

"ಇಲ್ಲಿ. ಮತ್ತೆ ಇಲ್ಲಿ. ಇನ್ನೊಂದು ಕಡೆನೂ ಇದೆ. ಪ್ರಿಂಟರ್ ತಪ್ಪಿರಬೇಕು ಅಂತ ಮೂರು ಸಲ ತೆಗೆದೆ."

ಹತ್ತಿರ ಹೋಗಿ ನೋಡಿದೆ. ಹಾಳೆಯ ತುಂಬ ಏರಿ ಇಳಿದು ಅಲುಗುತ್ತಿದ್ದ ಗೆರೆ ಮೂರು ಜಾಗದಲ್ಲಿ ಸಪಾಟಾಗಿ ಮಲಗಿತ್ತು. ನಲವತ್ತು ಸೆಂಟಿಮೀಟರು. ಮರುದಿನ ನಲವತ್ತು. ಅದರ ಮರುದಿನವೂ ನಲವತ್ತು. ಒಂದು ವರ್ಷದಲ್ಲಿ ಅರವತ್ತೆಂಟು ದಿನ, ಇನ್ನೊಂದರಲ್ಲಿ ಎಂಬತ್ತೊಂದು, ಮತ್ತೊಂದರಲ್ಲಿ ಅರವತ್ತಮೂರು. ನದಿ ಹಾಗೆ ಇರುವುದಿಲ್ಲ. ಮೇಲೆಲ್ಲೋ ಒಂದು ಮೋಡ ಕರಗಿದರೂ, ಯಾರೋ ಒಂದು ಪಂಪು ಹಚ್ಚಿದರೂ ಒಂದೆರಡು ಸೆಂಟಿಮೀಟರು ಆಚೀಚೆ ಆಗಲೇಬೇಕು. ಆ ಮೂರು ವರ್ಷಗಳು ನನ್ನ ಲೆಕ್ಕದ ಮೂರು ಕೆಟ್ಟ ವರ್ಷಗಳೇ ಆಗಿದ್ದವು.

ಇಪ್ಪತ್ತು ವರ್ಷ ಇದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಗುಮಾಸ್ತರು ಕೂಡಿಸಿಕೊಟ್ಟ ತಿಂಗಳ ಮೊತ್ತಗಳ ಮೇಲೆಯೇ ನಾನು ಕೆಲಸ ಮಾಡುತ್ತಿದ್ದೆ, ದಿನದ ಅಂಕಿಗಳನ್ನು ಬಿಡಿಸಿ ನೋಡಿದ್ದು ಇದೇ ಮೊದಲು. ಇದು ಕಚೇರಿಗೆ ಕೊಡಬಹುದಾದ ಉತ್ತರ. ನಿಜವಾದ ಉತ್ತರ ಬೇರೆ. ಆ ಮೂರೂ ಸೇರಿದಂತೆ ಮೂವತ್ತೊಂದು ವರ್ಷದ ರಿಜಿಸ್ಟರುಗಳಲ್ಲಿರುವುದು ನಮ್ಮ ಅಪ್ಪನ ಕೈಬರಹ. ಊರೆಲ್ಲರ ಅಂಕಿಯನ್ನು ಅನುಮಾನಿಸುವ ನಾನು ಆ ಕೈಬರಹವನ್ನು ಒಂದು ದಿನವೂ ಅನುಮಾನಿಸಲಿಲ್ಲ.

ಅಪ್ಪ ನದಿಯ ಅಳತೆಗಾರರಾಗಿದ್ದರು. ಜಲಾಶಯಕ್ಕಿಂತ ಎರಡು ಮೈಲಿ ಮೇಲೆ, ನದಿ ತಿರುಗುವಲ್ಲಿ, ದಡದ ಮೇಲೊಂದು ಕಲ್ಲಿನ ಕಂಬ. ಅದರ ಮೇಲೆ ಕಪ್ಪು ಬಿಳಿ ಗುರುತುಗಳು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಅಲ್ಲಿ ನಿಂತು ನೀರು ಎಷ್ಟರ ಗುರುತಿನಲ್ಲಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಅಷ್ಟೇ ಕೆಲಸ. ಅವರಿಗಿಂತ ಮೊದಲು ಏಳು ವರ್ಷ ಬೇರೊಬ್ಬರು ಮಾಡಿದರು, ಅವರ ನಂತರದ ಇಪ್ಪತ್ತೆರಡು ವರ್ಷ ಒಂದು ಯಂತ್ರ ಮಾಡುತ್ತಿದೆ. ನಡುವಿನ ಮೂವತ್ತೊಂದು ವರ್ಷದಲ್ಲಿ ಅಪ್ಪ ಒಂದು ದಿನವನ್ನೂ ತಪ್ಪಿಸಲಿಲ್ಲ. ಜ್ವರದಲ್ಲಿ ಹೋದರು, ಕಾಲು ಮುರಿದಾಗ ಪಕ್ಕದ ಮನೆಯವರ ಗಾಡಿಯಲ್ಲಿ ಕೂತು ಹೋದರು. ಕಚೇರಿಯ ಮುಂಗೋಣೆಯಲ್ಲಿ ಗಾಜಿನ ಬೀರು ಇದೆ, ಅದರಲ್ಲಿ ಆ ರಿಜಿಸ್ಟರುಗಳನ್ನು ಸಾಲಾಗಿ ಇಟ್ಟಿದ್ದಾರೆ. ಯಾರಾದರೂ ದೊಡ್ಡ ಮನುಷ್ಯರು ಬಂದರೆ ಮೊದಲು ಅದನ್ನೇ ತೋರಿಸುತ್ತಾರೆ. "ಒಂದು ದಿನವೂ ಬಿಟ್ಟಿಲ್ಲ ನೋಡಿ" ಎನ್ನುತ್ತಾರೆ.

ಅಮ್ಮ ತೀರಿಕೊಂಡ ದಿನವನ್ನೂ ಬಿಟ್ಟಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಎರಡು ತಿಂಗಳಿಂದ ಮಲಗಿದ್ದ ಅಮ್ಮನಿಗೆ ಆ ಬೆಳಿಗ್ಗೆ ಉಸಿರು ಏರುಪೇರಾಗಿತ್ತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ನನಗೂ ಗೊತ್ತಾಗುತ್ತಿತ್ತು, ಅಪ್ಪನಿಗೂ ಗೊತ್ತಾಗಿರಲೇಬೇಕು. ಐದೂವರೆಗೆ ಅಪ್ಪ ಎದ್ದು ಬೂಟು ಹಾಕಿಕೊಂಡು ಹೊರಟರು. ಆರು ಹತ್ತಕ್ಕೆ ಅಮ್ಮ ಹೋದಳು. ಏಳಕ್ಕೆ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಚಿಕ್ಕಮ್ಮ ಅಂದು ಅವರನ್ನು ಬಾಯಿಗೆ ಬಂದಂತೆ ಬೈದಳು. ಚಿಕ್ಕಪ್ಪ ಮಾತ್ರ ಕರ್ತವ್ಯ ಅಂದ್ರೆ ಹೀಗಿರಬೇಕು ಎಂದು ವರ್ಷಾನುಗಟ್ಟಲೆ ಹೇಳಿಕೊಂಡು ತಿರುಗಿದ. ಅಪ್ಪ ಎರಡಕ್ಕೂ ಬರೀ ಹೂಂ ಅಂದರು. ಆ ಮೇಲೆ ಹತ್ತು ಹನ್ನೊಂದು ವರ್ಷ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಊಟ ಆಯ್ತಾ, ಆಯ್ತು. ಮಾತ್ರೆ ತಗೊಂಡ್ರಾ, ತಗೊಂಡೆ. ಸಿಟ್ಟಿತ್ತು, ಬಹಳ ಸಿಟ್ಟಿತ್ತು. ಈಗ ಅವರಿಗೆ ಎಂಬತ್ತೆರಡು. ಸೈಕಲ್ ಅಂಗಡಿಯ ಮೇಲಿನ ನಮ್ಮ ಮನೆಯಲ್ಲೇ ಇದ್ದಾರೆ. ಅಳಿಯನ ಜೊತೆ ಚದುರಂಗ ಆಡಿ, ಸೋತಾಗೆಲ್ಲ ಕನ್ನಡಕದ ಮೇಲೆ ತಪ್ಪು ಹೊರಿಸುತ್ತಾರೆ. ಸಿಟ್ಟು ತೆಳುವಾಗಿದೆ. ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಕ್ಷೆಯವರು ಸ್ಟೂಲಿನಿಂದ ಇಳಿದು ಹೋದ ಮೇಲೆ ಗಾಜಿನ ಬೀರು ತೆಗೆಸಿ ಆ ಮೂರು ರಿಜಿಸ್ಟರು ತರಿಸಿದೆ. ಮೊದಲು ತೆರೆದದ್ದು ಎರಡನೆಯದನ್ನು. ಅಮ್ಮ ಹೋದದ್ದು ಒಂಬತ್ತನೇ ತಾರೀಖು. ಎಂಟು, ನಲವತ್ತು. ಒಂಬತ್ತು, ನಲವತ್ತು. ಹತ್ತು, ನಲವತ್ತು. ಮೂರೂ ಒಂದೇ ತೆರನಾದ, ಎಳ್ಳಷ್ಟೂ ನಡುಗದ ಅಕ್ಷರ.

ಕಂಬದ ಹಳೆಯ ನಕ್ಷೆ ತೆಗೆಸಿ ನೋಡಿದಾಗ ಉಳಿದದ್ದೂ ತಿಳಿಯಿತು. ಗುರುತುಗಳು ಶುರುವಾಗುವುದೇ ನಲವತ್ತರಿಂದ. ಅದರ ಕೆಳಗೆ ಕಂಬವಿಲ್ಲ, ದಡದ ನೆಲ. ನೀರು ನಲವತ್ತಕ್ಕಿಂತ ಇಳಿದರೆ ಕಂಬವನ್ನು ಬಿಟ್ಟು ನದಿಯ ನಡುವಿಗೆ ಸರಿದುಬಿಡುತ್ತದೆ. ಆಗ ಕಂಬದಲ್ಲಿ ಓದಲು ಏನೂ ಇರುವುದಿಲ್ಲ. ಅಪ್ಪ ಆ ದಿನಗಳಿಗೆಲ್ಲ ಕಂಬದ ಕೊನೆಯ ಗುರುತನ್ನೇ ಬರೆದಿದ್ದರು. ಇನ್ನೂರ ಹನ್ನೆರಡು ದಿನ. ಅಂದರೆ ಅರವತ್ತು ವರ್ಷದಲ್ಲಿ ಯಾವ ದಿನಗಳ ಮೇಲೆ ಊರಿನ ನೀರಿನ ತೀರ್ಮಾನ ನಿಂತಿತ್ತೋ, ಸರಿಯಾಗಿ ಆ ದಿನಗಳ ಅಳತೆಯೇ ಇರಲಿಲ್ಲ. ನನ್ನ ಕೆಟ್ಟ ವರ್ಷಗಳು ನಾನು ತಿಳಿದದ್ದಕ್ಕಿಂತ ಕೆಟ್ಟವಾಗಿದ್ದವು.

ಮತ್ತೆ ಲೆಕ್ಕ ಹಾಕಿದೆ. ಆ ದಿನಗಳಲ್ಲಿ ನದಿ ಪೂರ್ತಿ ನಿಂತಿತ್ತು ಎಂದುಕೊಂಡರೆ ಮೂವತ್ತೆಂಟು ದಿನ ಬಂತು. ಅಷ್ಟು ಕಠಿಣ ಬೇಡ, ಅರ್ಧ ನೀರಾದರೂ ಇತ್ತು ಎಂದು ದಯೆ ತೋರಿಸಿದರೆ ಇಪ್ಪತ್ತೇಳು. ಅಷ್ಟು ದಯೆ ತೋರಿಸಿದರೂ ಇಪ್ಪತ್ತರ ಗೆರೆ ದಾಟುತ್ತಿತ್ತು.

ಸುಮ್ಮನಿದ್ದುಬಿಡುವ ಯೋಚನೆ ಬರಲಿಲ್ಲವೇ? ಬಂತು. ಅಷ್ಟು ಕೆಟ್ಟ ವರ್ಷ ಈ ಸಲವೇ ಬರುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು. ಹತ್ತೊಂಬತ್ತು ಪಾಲು ಏನೂ ಆಗುವುದಿಲ್ಲ, ಮಳೆ ಬರುತ್ತದೆ, ಗೋಡೆಯ ಹಾಳೆಯನ್ನು ಸುತ್ತಿಟ್ಟರೆ ಅಪ್ಪನ ರಿಜಿಸ್ಟರುಗಳು ಗಾಜಿನ ಬೀರುವಿಗೆ ಹಿಂತಿರುಗುತ್ತವೆ. ಇಪ್ಪತ್ತು ವರ್ಷ ಇದೇ ಮಾತನ್ನು ಬೇರೆಯವರು ಆಡಿದಾಗ ನಾನು ಮೇಜು ಕುಟ್ಟಿದ್ದೇನೆ. ಈಗ ನನ್ನ ತಲೆಯೊಳಗೇ ಅದು ಎಷ್ಟು ಸಲೀಸಾಗಿ ಬಂದು ಕೂತಿತೆಂದರೆ ನನಗೇ ನಾಚಿಕೆಯಾಯಿತು.

ಬುಧವಾರ ನಿರ್ದೇಶಕರ ಕೋಣೆಗೆ ಹೋದೆ. ಅವರನ್ನು ನಾವು ದೊಡ್ಡವರು ಎನ್ನುತ್ತೇವೆ. ಎತ್ತರ ಐದಡಿಯೂ ಇಲ್ಲ. ಒಳ್ಳೆಯವರು, ಆದರೆ ನಿಯಮದ ಪುಸ್ತಕವನ್ನು ತಲೆದಿಂಬಾಗಿಟ್ಟುಕೊಂಡು ಮಲಗುವವರು. ಎಲ್ಲವನ್ನೂ ಕೇಳಿಸಿಕೊಂಡರು.

"ಲೆಕ್ಕ ಸರಿ ಇದೆ, ನಾನು ಒಪ್ತೀನಿ," ಎಂದರು. "ಆದ್ರೆ ಆ ರಿಜಿಸ್ಟರಿಗೆ ನೀವು ಪೆನ್ನು ಮುಟ್ಟಿಸೋ ಹಾಗಿಲ್ಲ. ಬರೆದವರು ಬದುಕಿದ್ರೆ ಅವರೇ ತಿದ್ದಬೇಕು. ಒಂದೊಂದು ಅಂಕಿಗೂ ಕೆಂಪು ಗೆರೆ, ಪಕ್ಕದಲ್ಲಿ ಅವರ ಸಹಿ. ಇಲ್ದಿದ್ರೆ ಕಾರ್ಖಾನೆಯೋರು ವಕೀಲರನ್ನ ಕರ್ಕೊಂಡು ಬಂದು ಕೂರ್ತಾರೆ."

"ಇನ್ನೂರ ಹನ್ನೆರಡು ಸಹಿ. ಅವರಿಗೆ ಎಂಬತ್ತೆರಡು ವರ್ಷ ಸರ್."

"ಸಭೆ ಸೋಮವಾರಕ್ಕೆ ಮುಂದೂಡ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ." ಬಾಗಿಲವರೆಗೆ ಬಂದು ಕೇಳಿದರು: "ಅವರಿಗೆ ಯಾರು ಹೇಳ್ತಾರೆ? ಬೇಕಾದ್ರೆ ನಾನು ಬರ್ತೀನಿ."

"ಬೇಡ. ನಾನೇ ಹೇಳ್ತೀನಿ," ಎಂದೆ.

ಫಲಿತಾಂಶವನ್ನು ಬಚ್ಚಿಟ್ಟುಕೊಂಡು ಕಥೆ ಹೇಳುವುದು ನನಗಾಗದು, ಆದ್ದರಿಂದ ಊರಿನ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಸೋಮವಾರ ಮಂಡಳಿ ಒಪ್ಪಿತು, ಬುಧವಾರದಿಂದ ಕಡಿತ ಶುರುವಾಯಿತು. ಎರಡು ತಿಂಗಳು ಊರು ನನ್ನನ್ನು ಶಪಿಸಿತು, ನಮ್ಮ ಯಜಮಾನರು ಕೂಡ ಬಕೆಟ್ಟಿನ ಮುಂದೆ ನಿಂತು ನನ್ನ ಹೆಸರು ಹಿಡಿದು ಗೊಣಗುತ್ತಾ ಸ್ನಾನ ಮಾಡಿದರು. ಮಳೆ ಸಕಾಲಕ್ಕೆ ಬಂತು. ಕಾರ್ಖಾನೆಯವರು ಈಗಲೂ ನನ್ನನ್ನು ಕಂಡರೆ ಆಕಾಶ ನೋಡಿ ನಗುತ್ತಾರೆ. ನಗಲಿ. ಬಾರದೇ ಹೋದ ಕೇಡಿಗೆ ಸಾಕ್ಷಿ ಎಲ್ಲಿಂದ ತರಲಿ? ನನಗೆ ಉಳಿದಿರುವುದು ಅದಕ್ಕೂ ಮುಂಚಿನ ಭಾನುವಾರ.

ಶನಿವಾರ ಮಧ್ಯಾಹ್ನ ರಸೀದಿಗೆ ಸಹಿ ಹಾಕಿ ಮೂರು ರಿಜಿಸ್ಟರುಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಅಪ್ಪ ಕಿಟಕಿಯ ಪಕ್ಕ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದರು. ಬಟ್ಟೆ ಪೂರ್ತಿ ಬಿಚ್ಚುವ ಮೊದಲೇ ರಿಜಿಸ್ಟರಿನ ಬೆನ್ನು ನೋಡಿ ಗುರುತು ಹಿಡಿದರು.

"ಇವೇನು ಮನೆಗೆ ಬಂದಿವೆ? ಬೀರು ಸೋರ್ತಿದೆಯಾ?"

"ಇಲ್ಲ ಅಪ್ಪ. ಒಂದು ವಿಷಯ ಕೇಳಬೇಕಿತ್ತು. ನೀರು ಕಂಬ ಬಿಟ್ಟು ಹೋದಾಗ ಏನು ಬರೀತಿದ್ರಿ?"

ಪೆನ್ಸಿಲು ನಿಂತಿತು. "ನಲವತ್ತು," ಎಂದರು, ಗುಟ್ಟೇನೂ ಇಲ್ಲದವರ ಹಾಗೆ. "ಕೆಳಗೆ ಕಂಬ ಇದ್ದದ್ದೇ ನಲವತ್ತರವರೆಗೆ. ಮೊದಲ ಸಲ ಖಾಲಿ ಬಿಟ್ಟಿದ್ದೆ. ಆಗಿನ ಸಾಹೇಬರು ಕರೆಸಿ, ಖಾಲಿ ಇದ್ರೆ ನೀನು ಬಂದಿಲ್ಲ ಅಂತ ಲೆಕ್ಕ, ಕಂಬ ಓದೋದು ನಿನ್ನ ಕೆಲಸ, ಕಂಬದಲ್ಲಿ ಏನಿದೆ ಅದನ್ನ ಬರಿ ಅಂದ್ರು. ಬರೆದೆ."

"ನೀರು ಕೆಳಗಿದೆ ಅಂತ ಯಾರಿಗೂ ಹೇಳಲಿಲ್ವಾ?"

"ಬಾಯಲ್ಲಿ ಹೇಳ್ತಿದ್ದೆ. ಬಾಯಲ್ಲಿ ಹೇಳಿದ್ದು ಎಲ್ಲಿರುತ್ತೆ ಈಗ?"

ನಾನು ಎಲ್ಲ ಹೇಳಿದೆ. ಗೋಡೆಯ ಹಾಳೆ, ಮೂರು ಗೆರೆ, ಹನ್ನೊಂದು ಇಪ್ಪತ್ತೇಳಾದದ್ದು, ದೊಡ್ಡವರು ಹೇಳಿದ ನಿಯಮ. ಅಪ್ಪನ ಮುಖ ಬಿಗಿಯುತ್ತಾ ಬಂತು.

"ಅಂದ್ರೆ ನಾನು ಸುಳ್ಳು ಬರೆದೆ ಅಂತೀಯಾ?"

"ಸುಳ್ಳಲ್ಲ. ಅಳತೆಯಲ್ಲ ಅಂತೀನಿ."

"ಎರಡೂ ಒಂದೇ. ನಯವಾಗಿ ಹೇಳೋದನ್ನ ಯಾವಾಗ ಕಲಿತೆ ನೀನು?" ಎದ್ದು ಕಿಟಕಿಯ ಕಡೆ ತಿರುಗಿದರು. ಕೆಳಗೆ ಅಂಗಡಿಯವನು ಚಕ್ರ ತಿರುಗಿಸಿ ಬಿಟ್ಟು ಅದು ನಿಲ್ಲುವುದನ್ನು ನೋಡುತ್ತಿದ್ದ. "ಮೂವತ್ತೊಂದು ವರ್ಷ. ಬೇರೆ ಏನೂ ಮಾಡಲಿಲ್ಲ ನಾನು. ಮನೆ ಕಟ್ಟಲಿಲ್ಲ, ಊರು ನೋಡಲಿಲ್ಲ. ಅದೊಂದು ಮಾಡಿದೆ."

ಇಂಥ ಹೊತ್ತಿನಲ್ಲಿ ಅಮ್ಮನಿಗಾದರೆ ಏನಾದರೂ ಹೇಳಲು ಹೊಳೆಯುತ್ತಿತ್ತು. ಚಹಾ ಮಾಡಲು ಹೋದೆ. ನಾನು ಬರುವಷ್ಟರಲ್ಲಿ ಅಪ್ಪ ಮೊದಲನೆಯ ರಿಜಿಸ್ಟರನ್ನು ತೆರೆದು, ಕನ್ನಡಕ ಹಣೆಗೇರಿಸಿ, ಪುಟಕ್ಕೆ ಮೂಗು ತಾಗಿಸಿ ಓದುತ್ತಿದ್ದರು.

"ನಾಳೆ ಬೆಳಿಗ್ಗೆ ಮಾಡೋಣ," ಎಂದರು. "ಬೆಳಿಗ್ಗೆ ಕೈ ಕಮ್ಮಿ ನಡುಗುತ್ತೆ. ದಿನಗಳ ಪಟ್ಟಿ ಮಾಡಿಡು. ನೀನು ಓದು, ನಾನು ಗೆರೆ ಹಾಕ್ತೀನಿ."

ಪಟ್ಟಿ ಮಾಡಿದೆ. ಇನ್ನೂರ ಹನ್ನೊಂದು ತಾರೀಖುಗಳು. ಒಂದನ್ನು ಬಿಟ್ಟೆ. ಯಾವುದನ್ನು ಎಂದು ಹೇಳಬೇಕಿಲ್ಲ. ಆ ದಿನವನ್ನು ನಲವತ್ತೆಂದೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ಫಲ ಒಂದು ಗಂಟೆಯಷ್ಟೂ ಬದಲಾಗಲಿಲ್ಲ. ಊರಿಗೆ ನಷ್ಟವಿಲ್ಲ, ಮಂಡಳಿಗೆ ಗೊತ್ತಾಗುವುದಿಲ್ಲ. ಅಪ್ಪನಿಂದ ಉಳಿದದ್ದೆಲ್ಲ ತೆಗೆದುಕೊಳ್ಳುತ್ತಿದ್ದೇನೆ, ಇದೊಂದಿರಲಿ ಎಂದುಕೊಂಡೆ. ಅವರು ಅಮ್ಮನ ಕೈ ಬಿಟ್ಟು ಹೋದದ್ದು ಇಲ್ಲದ ನೀರನ್ನು ಅಳೆಯಲು ಎಂದು ನಾನು ಅವರ ಬಾಯಿಂದಲೇ ಹೇಳಿಸಬೇಕೇ? ಇಪ್ಪತ್ತು ವರ್ಷದ ಹಿಂದಾಗಿದ್ದರೆ ಖುಷಿಯಿಂದ ಹೇಳಿಸುತ್ತಿದ್ದೆ. ಈಗ ಬೇಡವಾಗಿತ್ತು. ನನ್ನ ವೃತ್ತಿಯಲ್ಲಿ ನಾನು ಗೊತ್ತಿದ್ದೂ ಬಿಟ್ಟ ಅಂಕಿ ಅದೊಂದೇ.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಊಟದ ಮೇಜಿಗೆ ಬಂದು ಕೂತರು. ಕೆಂಪು ಶಾಯಿಯ ಪೆನ್ನು, ಮರದ ಸ್ಕೇಲು, ಶಾಯಿ ಹೀರಲು ಒತ್ತುವ ಕಾಗದ. ಯಜಮಾನರು ಒಮ್ಮೆ ಬಾಗಿಲಲ್ಲಿ ಇಣುಕಿ, "ಪರೀಕ್ಷೆ ನಡೀತಿದೆಯೋ ಏನೋ" ಎಂದು ಹಿಂದೆ ಸರಿದರು. ನಾನು ತಾರೀಖು ಓದುತ್ತಿದ್ದೆ. ಅಪ್ಪ ಪುಟದಲ್ಲಿ ಅದನ್ನು ಹುಡುಕಿ, ಸ್ಕೇಲಿಟ್ಟು, ನಲವತ್ತರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಒತ್ತಿ, "ಮುಂದೆ" ಎನ್ನುತ್ತಿದ್ದರು. ಆತುರವಿಲ್ಲ, ನಿಟ್ಟುಸಿರೂ ಇಲ್ಲ. ಹತ್ತೂವರೆಗೆ ಮೊದಲ ರಿಜಿಸ್ಟರು ಮುಗಿಯಿತು. ಬೆರಳು ನೀವಿಕೊಂಡು ಎರಡನೆಯದನ್ನು ಎಳೆದುಕೊಂಡರು.

ಆ ತಿಂಗಳು ಬಂತು. ನಾನು ದನಿ ಬದಲಿಸದೆ ಓದಿದೆ.

"ಏಳು."

ಗೆರೆ, ಸಹಿ. "ಮುಂದೆ."

"ಎಂಟು."

ಗೆರೆ, ಸಹಿ. "ಮುಂದೆ."

"ಹತ್ತು."

ಸ್ಕೇಲು ಅಲುಗಲಿಲ್ಲ.

"ಒಂಬತ್ತು?" ಎಂದರು ಅಪ್ಪ.

"ಪಟ್ಟಿಯಲ್ಲಿ ಇಲ್ಲ."

"ಪುಟದಲ್ಲಿ ಇದೆ. ನಲವತ್ತು ಅಂತಾನೇ ಬರೆದಿದೀನಿ."

"ಒಂದು ದಿನದಿಂದ ಲೆಕ್ಕ ಬದಲಾಗಲ್ಲ ಅಪ್ಪ. ಹಾಕಿ ನೋಡಿದೀನಿ. ಬಿಡಿ, ಮುಂದೆ ಹೋಗೋಣ."

"ನಿನ್ನ ಲೆಕ್ಕ ನಂಗೆ ಗೊತ್ತಿಲ್ಲ," ಎಂದರು. "ನಂಗೆ ಗೊತ್ತಿರೋದು, ಎಂಟು ಆದ್ಮೇಲೆ ಒಂಬತ್ತು."

ನಾನು ಪಟ್ಟಿಯನ್ನು ಕೆಳಗಿಟ್ಟೆ. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಮಾತಾಡುವುದಿಲ್ಲ, ಇಪ್ಪತ್ತೇಳು ವರ್ಷ ಆಡದ ಮಾತು ಈಗೇನು ಆಡಿಯಾರು ಎಂದುಕೊಂಡೆ.

"ಅವತ್ತು ನೀರು ಕಂಬದಿಂದ ಹದಿನಾಲ್ಕು ಹೆಜ್ಜೆ ಆಚೆ ಇತ್ತು," ಎಂದರು. "ಅದಕ್ಕೆ ಎರಡು ವಾರ ಮುಂಚಿನಿಂದಲೂ ಕಂಬದ ಹತ್ರ ನೀರಿಲ್ಲ. ಓದೋಕೆ ಏನೂ ಇಲ್ಲ ಅಂತ ಬೂಟು ಹಾಕ್ಕೊಳ್ಳೋವಾಗಲೇ ಗೊತ್ತಿತ್ತು ನಂಗೆ."

"ಮತ್ತೆ?"

"ಅವಳ ಉಸಿರು ಕೇಳ್ಕೊಂಡು ಕೂತಿರೋಕೆ ಆಗಲಿಲ್ಲ." ಕನ್ನಡಕ ಹಾಕಿಕೊಂಡರು. "ಹೋಗೋಕೆ ಒಂದು ಕಂಬ ಇತ್ತು. ಹೋದೆ. ಅಲ್ಲಿ ಕಲ್ಲಿನ ಮೇಲೆ ಕೂತಿದ್ದೆ, ಬಿಸಿಲು ಬರೋವರೆಗೂ. ಊರೋರು ಕರ್ತವ್ಯ ಅಂದ್ರು. ನಾನೂ ಹೂಂ ಅಂದೆ."

ನನ್ನ ಸಿಟ್ಟಿಗೆ ಇಷ್ಟು ವರ್ಷ ಆಧಾರವಾಗಿದ್ದದ್ದು ಒಬ್ಬ ಕಲ್ಲುಮನಸ್ಸಿನ ಮನುಷ್ಯ. ಅವನು ಆ ಮೇಜಿನ ಹತ್ತಿರ ಎಲ್ಲೂ ಇರಲಿಲ್ಲ. ಹೆದರಿ ಓಡಿಹೋದ ಒಬ್ಬ ಗಂಡ ಕೂತಿದ್ದ, ಕತ್ತಿನವರೆಗೂ ಗುಂಡಿ ಹಾಕಿಕೊಂಡು. ನನಗೆ ಅಳು ಬಂತು. ತಡೆಯಲಿಲ್ಲ.

ಅಪ್ಪ ಸ್ಕೇಲನ್ನು ಒಂಬತ್ತರ ಸಾಲಿಗೆ ಇಟ್ಟರು. ಅದು ಜಾರಿತು. ನಾನು ಎರಡೂ ತುದಿ ಒತ್ತಿ ಹಿಡಿದೆ. ಗೆರೆ ಎಳೆದರು, ಸಹಿ ಹಾಕಿದರು. ಶಾಯಿ ಒಣಗಲು ಕಾಯುತ್ತಾ, ಪುಟದಿಂದ ಕಣ್ಣೆತ್ತದೆ ಕೇಳಿದರು.

"ನೀನು ಹತ್ರ ಇದ್ದೆಯಲ್ಲ. ಅವಳು ಏನಾದ್ರೂ ಕೇಳಿದ್ಲಾ?"

"ಕೇಳಿದ್ಲು. ಅಪ್ಪ ಎಲ್ಲಿ ಅಂತ."

"ನೀನು ಏನಂದೆ?"

"ಬರ್ತಿದಾರೆ ಅಂದೆ."

ಅಪ್ಪ ತಲೆಯಾಡಿಸಿದರು. ಸ್ಕೇಲನ್ನು ಒಂದು ಸಾಲು ಕೆಳಗೆ ಇಳಿಸಿ ಕಾದರು. ನಾನು ಪಟ್ಟಿ ಎತ್ತಿಕೊಂಡು, ಹತ್ತು ಎಂದೆ.